ಕೇಳದೆ ಉಳಿದ ಉಂಗುರ

ಸೆರಗು ಹರಿಯದ ಹಾಗೆ ಗಾನವಿ ಅತ್ತೆಯ ಎಡಹೆಗಲಿನ ಪಿನ್ನನ್ನು ಮೆಲ್ಲಗೆ ಬಿಚ್ಚಿದಳು. ದಿನಾ ಹಾಕಿ ತೆಗೆದು ಸಡಿಲಾದ ಪಿನ್ನು, ಬೆರಳು ತಾಗಿದ ಕೂಡಲೇ ಬಾಯಿ ಬಿಟ್ಟಿತು. ಅದಕ್ಕೆ ಕಪ್ಪು ದಾರದಲ್ಲಿ ಕಟ್ಟಿದ್ದ ಮರದ ಉಂಗುರ ಅವಳ ಅಂಗೈಗೆ ಬಿತ್ತು. ಹಳೆಯ ನಾಲ್ಕಾಣೆಯಷ್ಟು ಅಗಲ. ತೂಕವೇ ಇಲ್ಲ.

"ತೆಗೆದ್ಯಾ?" ಎಂದ ಗಂಡ ಶ್ರೀಕರ. ಒದ್ದೆ ಪಂಚೆಯಲ್ಲಿ ನಿಂತಿದ್ದ. "ಲೋಹದ್ದು ಎಂಥದೂ ಬೇಡ ಅಂದಿದಾರೆ ಭಟ್ರು."

"ತೆಗೆದೆ. ಎಲ್ಲಿಡ್ಲಿ ಇದನ್ನ?"

"ಎಲ್ಲಾದ್ರೂ ಇಡು. ಆಯೀದು ಆ ಉಂಗುರ ಒಂದು..." ತಾಯಿಯ ಶವದ ಕಡೆ ನೋಡದೆ ಅವನು ಅಂಗಳಕ್ಕೆ ಇಳಿದ.

ಗಾನವಿ ಎದ್ದು ನಡುಮನೆಯ ಬಾಗಿಲಿಗೆ ಹೋಗಿ ಪರದೆಯ ಅಂಚಿಗೆ ಪಿನ್ನು ಚುಚ್ಚಿದಳು. ಚುಚ್ಚಿದ ಮೇಲೆಯೇ ತಾನು ಮಾಡಿದ್ದು ಅವಳಿಗೆ ಗೊತ್ತಾದದ್ದು. ಆ ಜಾಗದಲ್ಲಿ ಬಟ್ಟೆ ಜರಡಿಯ ಹಾಗೆ ತೂತಾಗಿತ್ತು. ಹನ್ನೊಂದು ವರ್ಷ ಅತ್ತೆ ವಾಗ್ದೇವಿಯವರು ಹೊರಗಿನಿಂದ ಬಂದಾಗಲೆಲ್ಲ ಚಪ್ಪಲಿ ಬಿಟ್ಟು, ಉಂಗುರ ತೆಗೆದು ಅಲ್ಲಿ ಸಿಕ್ಕಿಸಿ, ಆಮೇಲೆ ಒಳಗೆ ಬರುತ್ತಿದ್ದರು. ಇವತ್ತು ಬೆಳಿಗ್ಗೆ ಹೊಸನಗರದ ಆಸ್ಪತ್ರೆಯಿಂದ ಅವರನ್ನು ನಾಲ್ಕು ಜನ ಹೊತ್ತು ತಂದಾಗ ಮಾತ್ರ, ಅದು ಅವರ ಹೆಗಲ ಮೇಲೆಯೇ ಇದ್ದು ಹೊಸಿಲು ದಾಟಿತ್ತು.

ಸಾಗರದಿಂದ ಮೊದಲ ಬಸ್ಸಿಗೆ ಹೊರಟ ಮಹಾಲಕ್ಷ್ಮೀ ಒಂಬತ್ತಕ್ಕೆ ಬಂದರು. ವಾಗ್ದೇವಿಯವರಿಗಿಂತ ಎರಡು ವರ್ಷ ದೊಡ್ಡವರು, ಮಂಡಿನೋವಿನವರು. ಗೋಡೆ ಹಿಡಿದು ಕೂತು, ಗೆಳತಿಯ ಕೆನ್ನೆ ಮುಟ್ಟಿದರು.

"ಎಂತಕ್ಕೆ ಇಷ್ಟು ಗಡಿಬಿಡಿ ಮಾಡ್ಕ್ಯಂಡೆ? ಬಪ್ಪ ವಾರ ಸಭೆ ಇದ್ದಿತ್ತಲೆ. ಇನ್ನು ಆನು ಯಾರ ಹತ್ರ ಜಗಳ ಆಡ್ಲಿ?"

ಆಮೇಲೆ ತಲೆಯೆತ್ತಿ ಗಾನವಿಯನ್ನು ನೋಡಿದರು. ಎಲ್ಲರ ಹಾಗೆ ಅವರ ಕಣ್ಣೂ ಮೊದಲು ಹೋದದ್ದು ಅವಳ ಎಡಹೆಗಲಿಗೆ. ಅಲ್ಲಿ ಏನೂ ಇರಲಿಲ್ಲ. ಅವರ ಮಾತು ಮನೆಮಾತಿನಿಂದ ಎಲ್ಲರ ಕನ್ನಡಕ್ಕೆ ಬದಲಾಯಿತು.

"ನೀನು ಏನಾದ್ರೂ ಕುಡಿದ್ಯಾ ಗಾನವಿ? ಮುಖ ಬಾಡಿಹೋಗಿದೆಯಲ್ಲ."

*

ವಾಗ್ದೇವಿ ತಾಲ್ಲೂಕು ಗ್ರಂಥಾಲಯದಲ್ಲಿ ಗುಮಾಸ್ತರಾಗಿದ್ದರು. ನಿವೃತ್ತಿಗೆ ಮೊದಲು ಯಾವುದೋ ಹಳೆಯ ಪತ್ರಿಕೆಯಲ್ಲಿ ಐರ್ಲೆಂಡಿನ ಬಗ್ಗೆ ಓದಿದರು. ಅಲ್ಲಿ ಜನರ ಸ್ವಂತ ಮಾತನ್ನು ಇಂಗ್ಲಿಷ್ ನುಂಗುತ್ತ ಬಂದು, ಅದನ್ನು ಉಳಿಸಲು ಬಗೆಬಗೆಯ ಸಂಸ್ಥೆಗಳು ಹುಟ್ಟಿಕೊಂಡಿದ್ದವು. ಶಾಲೆ ನಡೆಸಲು ಒಂದು, ಪುಸ್ತಕ ತರಲು ಒಂದು, ಬರೀ ಸೇರಿ ಮಾತಾಡಲು ಇನ್ನೊಂದು. ಆ ಮಾತು ಬಲ್ಲವರು ಎದೆಗೆ ಪುಟ್ಟ ಉಂಗುರ ಸಿಕ್ಕಿಸಿಕೊಳ್ಳುತ್ತಾರಂತೆ. ಬಸ್ಸಿನಲ್ಲಿ, ಅಂಗಡಿಯಲ್ಲಿ ಅದನ್ನು ಕಂಡವರು ಧೈರ್ಯವಾಗಿ ಮಾತಾಡಿಸಬಹುದು.

ವಾಗ್ದೇವಿ ಡಬ್ಲಿನ್ನಿನ ಒಂದು ಸಂಸ್ಥೆಗೆ ಕಾಗದ ಬರೆದರು. 'ನಮ್ಮಲ್ಲೂ ಹವಿಗನ್ನಡ ಅಂತ ಒಂದು ಮನೆಮಾತಿದೆ. ಮಕ್ಕಳು ಅದನ್ನು ಆಡಲು ನಾಚುತ್ತಾರೆ' ಎಂದು. ನಾಲ್ಕು ತಿಂಗಳಿಗೆ ಉತ್ತರ ಬಂತು, ಜೊತೆಗೆ ಹೊಂಬಣ್ಣದ ಒಂದು ಉಂಗುರ. ಅದನ್ನು ಮಾದರಿಯಾಗಿ ಹಿಡಿದು, ಸಾಗರದ ಗುಡಿಗಾರರ ಹತ್ತಿರ, ಕೆತ್ತನೆ ಮುಗಿದು ಉಳಿದ ಮರದ ಚೂರಿನಲ್ಲಿ ನಲವತ್ತು ಉಂಗುರ ಮಾಡಿಸಿದರು. ತಿಂಗಳ ಎರಡನೇ ಭಾನುವಾರ ಇವರ ಮನೆಯ ಜಗುಲಿಯಲ್ಲಿ ಸಭೆ. ಉಂಗುರ ಹಾಕಿಕೊಂಡಷ್ಟು ಹೊತ್ತು ಬೇರೆ ಮಾತು ಆಡಬಾರದು ಎಂಬುದು ಒಂದು ನಿಯಮ; ಉಂಗುರ ಇಲ್ಲದವರ ಹತ್ತಿರ ಉಳಿದವರು ಅದನ್ನು ಸಡಿಲಿಸಿದರೂ ವಾಗ್ದೇವಿ ಸಡಿಲಿಸುತ್ತಿರಲಿಲ್ಲ. ಇನ್ನೊಂದನ್ನು ಸ್ವತಃ ವಾಗ್ದೇವಿಯವರೇ ಸೇರಿಸಿದ್ದು: ಉಂಗುರವನ್ನು ಯಾರಿಗೂ ಕರೆದು ಕೊಡುವುದಿಲ್ಲ, ಬೇಕಾದವರು ಆ ಮಾತಿನಲ್ಲೇ ಕೇಳಿ ತಗೊಳ್ಳಬೇಕು.

ಗಾನವಿ ಕೋಣಂದೂರಿನ ಗೌಡರ ಮನೆಯ ಹುಡುಗಿ. ಇಲ್ಲಿನ ಪ್ರೌಢಶಾಲೆಗೆ ಗಣಿತದ ಟೀಚರಾಗಿ ಬಂದವಳು ಶ್ರೀಕರನನ್ನು ಮೆಚ್ಚಿ ಮದುವೆಯಾಗಿದ್ದಳು. ಅತ್ತೆ ಅವಳ ತವರಿಗೆ ಫೋನು ಮಾಡಿ, ಅಲ್ಲಿನ ಕಡುಬು ಮಾಡುವುದನ್ನು ಕೇಳಿ ಬರೆದುಕೊಂಡರು. ಮೂರು ಸಲ ಕೆಟ್ಟು ನಾಲ್ಕನೇ ಸಲ ಮೆತ್ತಗೆ ಬಂದಾಗ ಡಬ್ಬಿಗೆ ಹಾಕಿ, ಶಾಲೆಯ ಗೇಟಿನವರೆಗೆ ನಡೆದು ಕೊಟ್ಟು ಬಂದಿದ್ದರು. ಆದರೆ ಅವಳೊಂದಿಗೆ ಆಡುತ್ತಿದ್ದದ್ದು ಎಲ್ಲರ ಕನ್ನಡವನ್ನೇ. ಉಂಗುರ ಪರದೆಗೆ ಹೋಗುತ್ತಿದ್ದದ್ದೂ ಅದಕ್ಕೇ. ಸೊಸೆಗೆ ಅನ್ಯವೆನಿಸಬಾರದು ಎಂದು ಅತ್ತೆ ಅಂದುಕೊಂಡಿದ್ದರು. ಚಪ್ಪಲಿಯ ಜೊತೆ ಆ ಮಾತನ್ನೂ ನನಗಾಗಿ ಹೊರಗೆ ಬಿಟ್ಟು ಬರುತ್ತಾರೆ, ನಾನು ಅದಕ್ಕೆ ಸೇರಿದವಳಲ್ಲ ಎಂದು ಸೊಸೆ ಅಂದುಕೊಂಡಿದ್ದಳು.

ಕೇಳಬೇಕೆಂದು ಅವಳಿಗೂ ಅನಿಸಿತ್ತು. ಮದುವೆಯ ಮರುವರ್ಷ ಒಂದು ಭಾನುವಾರ ಕಾಫಿ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದಾಗ, ಗ್ರಂಥಾಲಯದ ಅಟೆಂಡರ್ ಭೂತಪ್ಪ ಎದ್ದು ಕೈಕಟ್ಟಿ ನಿಂತ. ಅವನ ಮನೆಮಾತೂ ಅದಲ್ಲ. ಇಪ್ಪತ್ತು ವರ್ಷ ವಾಗ್ದೇವಿಯವರ ಪಕ್ಕದ ಮೇಜಿನಲ್ಲಿ ಕೂತು ಕೇಳಿಸಿಕೊಂಡವನು.

"ಮೇಡಂ, ಯಂಗೂ ಒಂದು ಉಂಗ್ರ ಬೇಕಾಗದೆ. ಕೊಡ್ತ್ರೊ, ಆನು ಮನಿಗೆ ಹೋಗ್ಲೊ?"

ಎರಡು ಮಾತು ಕಲಸಿದ್ದಕ್ಕೆ ಜಗುಲಿಯೆಲ್ಲ ನಕ್ಕಿತು. "ಭೂತಪ್ಪ, ಇದು ಚೌಚೌ ಭಾತಾತೋ ಮಾರಾಯ!" ಎಂದರು ಮಹಾಲಕ್ಷ್ಮೀ. ವಾಗ್ದೇವಿ ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. ನಗುತ್ತಲೇ ಎದ್ದು ಹೋಗಿ ತಮ್ಮ ಕೈಯಾರೆ ಅವನ ಅಂಗಿಗೆ ಉಂಗುರ ಚುಚ್ಚಿದರು. ಅಷ್ಟು ಹೊತ್ತಿಗೆ ಗಾನವಿ ತಟ್ಟೆಯನ್ನು ಕಿಟಕಿಯ ಮೇಲಿಟ್ಟು ಒಳಗೆ ಹೋಗಿಬಿಟ್ಟಿದ್ದಳು. ಅವಳು ಕಂಡದ್ದು ನಗುವನ್ನು ಮಾತ್ರ.

*

ಹನ್ನೊಂದು ಗಂಟೆಗೆ ಹೊರಡಿಸಿದರು. ಅಂಗಳದಲ್ಲಿ ಉಂಗುರ ಹಾಕಿದವರು ಏಳು ಜನ ಇದ್ದರು. ಮೊದಲು ನಲವತ್ತಿದ್ದದ್ದು ವರ್ಷವರ್ಷವೂ ಕರಗಿ ಅಷ್ಟಾಗಿತ್ತು. ನಗರದಿಂದ ಬಂದ ಒಬ್ಬರು ಜೇಬಿನಿಂದ ತೆಗೆದು, ಗೇಟಿನ ಹತ್ತಿರ ಆತುರದಲ್ಲಿ ಸಿಕ್ಕಿಸಿಕೊಂಡರು.

ಭೂತಪ್ಪ ಚಟ್ಟದ ಮುಂದಿನ ಕೊನೆಗೆ ಹೆಗಲು ಕೊಡಲು ಬಂದ. ಭಟ್ಟರು ಒಮ್ಮೆ ಶ್ರೀಕರನ ಮುಖ ನೋಡಿದರು.

"ಹೊರ್ಲಿ ಬಿಡಿ," ಎಂದ ಶ್ರೀಕರ. "ನಂಗಿಂತ ಜಾಸ್ತಿ ಮಾತಾಡಿದ್ದು ಆಯಿ ಅವನ ಹತ್ರಾನೇ."

ಬೀದಿ ತಿರುಗುವವರೆಗೂ ಗಾನವಿ ಗೇಟು ಹಿಡಿದು ನಿಂತಿದ್ದಳು. ಪಕ್ಕದ ಮನೆಯ ಜಲಜಮ್ಮ ಕಾಂಪೌಂಡಿನ ಮೇಲೆ ಒಂದು ಲೋಟ ಗಂಜಿ ಇಟ್ಟು, ಮೇಲೊಂದು ತಟ್ಟೆ ಮುಚ್ಚಿ ಹೋದರು.

*

ಮೂರು ದಿನದ ಹಿಂದೆ, ಆಸ್ಪತ್ರೆಯಲ್ಲಿ, ಬೆಳಗಿನ ಹೊತ್ತು. ನರ್ಸ್ ಉಂಗುರ ತೆಗೆಯಲು ಹೋದರೆ ವಾಗ್ದೇವಿ ಕೈ ಅಡ್ಡ ಇಟ್ಟಿದ್ದರು. ಕಿಟಕಿಯಿಂದ ಬಿಸಿಲು ಮಂಚದ ಕಾಲಿನವರೆಗೆ ಬಂದಿತ್ತು. ಗಾನವಿ ಸ್ಟೂಲಿನ ಮೇಲೆ ಕೂತು ಉತ್ತರಪತ್ರಿಕೆ ತಿದ್ದುತ್ತಿದ್ದಳು.

"ಆಸ್ರಿಗೆ ಒಂಚೂರು ಕೊಡೇ ಕೂಸೇ."

ಗಾನವಿಯ ಪೆನ್ನು ನಿಂತಿತು. ಬಾಯಾರಿದಾಗ ಕುಡಿಯುವುದಕ್ಕೆ ಆ ಮಾತಿನಲ್ಲಿ ಆಸರಿಗೆ ಎನ್ನುತ್ತಾರೆ. ಅದು ಅವಳಿಗೆ ಗೊತ್ತಿತ್ತು. ಕೂಸು ಎಂದು ಕರೆಯುವುದು ಮಗಳನ್ನು ಎಂಬುದೂ ಗೊತ್ತಿತ್ತು. ಪ್ರತಿ ಎರಡನೇ ಭಾನುವಾರ ಅಡುಗೆಮನೆಯಲ್ಲಿ ಕಿವಿ ಕೊಟ್ಟು, ಸ್ಕೂಟರಿನ ಮೇಲೆ ಶಾಲೆಗೆ ಹೋಗುವಾಗ ಹೆಲ್ಮೆಟ್ಟಿನೊಳಗೆ ಒಬ್ಬಳೇ ಆಡಿ ಆಡಿ ಅವಳು ಆ ಮಾತನ್ನು ಕಲಿತಿದ್ದಳು. ಉತ್ತರ ನಾಲಿಗೆಯ ತುದಿಗೆ ಬಂದಿತ್ತು.

ಹನ್ನೊಂದು ವರ್ಷದ ರೂಢಿ ಅದನ್ನು ಹಿಂದಕ್ಕೆ ತಳ್ಳಿತು.

"ಕೊಡ್ತೀನಿ ಅತ್ತೆ. ಸ್ವಲ್ಪ ತಲೆ ಎತ್ತಿ."

ವಾಗ್ದೇವಿ ಕಣ್ಣು ಬಿಟ್ಟು ಅವಳನ್ನು ನೋಡಿದರು. ಎರಡು ಗುಟುಕು ನೀರು ಕುಡಿದರು. "ಸಾಕು ಗಾನವಿ. ನಿಂಗೆ ಸ್ಕೂಲಿಗೆ ಹೊತ್ತಾಗುತ್ತೆ, ಹೊರಡು," ಎಂದು ಎಲ್ಲರ ಕನ್ನಡದಲ್ಲಿ ಹೇಳಿ, ಕೈಯನ್ನು ಉಂಗುರದ ಮೇಲೆ ಮುಚ್ಚಿಕೊಂಡರು. ಆಮೇಲೆ ಅವರು ಹೆಚ್ಚು ಮಾತಾಡಲಿಲ್ಲ.

*

ನೆಲ ತೊಳೆದಾದ ಮೇಲೆ ಮಹಾಲಕ್ಷ್ಮೀ ತಮ್ಮ ಹೆಗಲಿನ ಉಂಗುರ ಬಿಚ್ಚಿದರು.

"ಅವಳು ಉಂಗುರ ಇಡೋ ಬಿಸ್ಕತ್ತಿನ ಡಬ್ಬ ಒಂದಿತ್ತಲ್ಲ, ತರ್ತೀಯಾ? ಇದನ್ನೂ ಅದಕ್ಕೇ ಹಾಕಿಬಿಡ್ತೀನಿ. ಇನ್ನು ಸಭೆ ಎಲ್ಲಿ ಬಂತು."

"ಹಾಗನ್ಬೇಡಿ ದೊಡ್ಡಮ್ಮ."

"ಮತ್ತೆಂತ ಅನ್ಲಿ? ನಂಗೆ ಎಪ್ಪತ್ತೆಂಟು. ಉಳಿದವರಿಗೆ ಬಸ್ಸು ಹತ್ತೋಕಾಗಲ್ಲ."

ಗಾನವಿ ಬೀರುವಿನ ಮೇಲಿನಿಂದ ಡಬ್ಬ ಇಳಿಸಿ ತಂದಳು. ಮುಚ್ಚಳ ಗಟ್ಟಿಯಾಗಿತ್ತು, ಚಮಚದ ಹಿಡಿಯಿಂದ ಎಬ್ಬಿಸಬೇಕಾಯಿತು. ಮೇಲೆ ಡಬ್ಲಿನ್ನಿನ ಕಾಗದ, ಮಡಿಕೆಯಲ್ಲಿ ಹರಿದದ್ದು. ಅವಳು ಓದಿದಳು. ಒಂದು ಸಾಲಿನ ಕೆಳಗೆ ಪೆನ್ಸಿಲಿನ ಗೆರೆ ಇತ್ತು. ಕಲಿಯುವವರು ನಾಚುತ್ತಾರೆ, ಆದ್ದರಿಂದ ಉಂಗುರ ಧರಿಸಿದವರೇ ಮೊದಲು ಮಾತಾಡಿಸಬೇಕು ಎಂದು ಅಲ್ಲಿ ಬರೆದಿತ್ತು. ಗೆರೆ ಹೊಸದು, ಇನ್ನೂ ಹೊಳೆಯುತ್ತಿತ್ತು.

ಕಾಗದದ ಕೆಳಗೆ ಒಂದು ಪೊಟ್ಟಣ. ಮೇಲೆ ಅತ್ತೆಯ ದುಂಡನೆಯ ಅಕ್ಷರ: ಗಾನವಿಗೆ. ಪಕ್ಕದಲ್ಲಿ ಮದುವೆಯ ಇಸವಿ.

ಅವಳು ಬಿಚ್ಚದೆ ಹಿಡಿದುಕೊಂಡೇ ಇದ್ದಳು.

"ನಿನ್ನ ಮದುವೆಯಾದ ವಾರವೇ ಸಾಗರಕ್ಕೆ ಬಂದಿದ್ಳು," ಎಂದರು ಮಹಾಲಕ್ಷ್ಮೀ. "ಗುಡಿಗಾರರ ಎದುರಿಗೇ ಕೂತು ಮಾಡಿಸಿದ್ದು ಇದು. ಕೊಟ್ಬಿಡೇ ಅಂತ ನಾನು ಎಷ್ಟು ಸಲ ಅಂದೆ. 'ಆನಾಗಿ ಕೊಟ್ರೆ ಹೇರಿದಾಂಗೆ ಆಗ್ತು, ಗಾನವಿನೇ ಕೇಳ್ಲಿ' ಅಂತಿದ್ಳು. ವಾಗ್ದೇವಿ ಘಟ್ಟದ ಕೆಳಗಿಂದ ಮದುವೆಯಾಗಿ ಬಂದ ಹೊಸತರಲ್ಲಿ ಬಾಯಿ ತೆಗೆದ್ರೆ ಸಾಕು, ಇಲ್ಲಿ ಮಾತೇ ಬೇರೆ ಅಂತ ಅವಳ ಅತ್ತೆ ತಿದ್ತಿದ್ರು. ಊಟಕ್ಕೆ ಕರಿಯೋಕೂ ಹೆದರ್ತಿದ್ಳಂತೆ. ತನ್ನ ಸೊಸೆಗೆ ಹಾಗಾಗಬಾರದು ಅಂತ."

"ಕೇಳೋಕೆ ನಂಗೆ ಬರ್ತಿತ್ತು," ಎಂದಳು ಗಾನವಿ.

"ಎಂಥದು?"

"ಕೇಳೋಕೆ ಬರ್ತಿತ್ತು ದೊಡ್ಡಮ್ಮ. ಮೂರು ವರ್ಷದಿಂದ. ನಗ್ತಾರೆ ಅಂತ ಸುಮ್ಮನಿದ್ದೆ."

ಮಹಾಲಕ್ಷ್ಮೀ ಅವಳನ್ನೇ ನೋಡಿದರು. ಬಿಚ್ಚಿದ್ದ ತಮ್ಮ ಉಂಗುರವನ್ನು ಡಬ್ಬಕ್ಕೂ ಹಾಕದೆ, ಹೆಗಲಿಗೂ ಸಿಕ್ಕಿಸದೆ ಮುಷ್ಟಿಯಲ್ಲಿ ಹಿಡಿದು ಕೂತರು.

ಪೊಟ್ಟಣದಲ್ಲಿದ್ದ ಉಂಗುರ ಯಾರೂ ಮುಟ್ಟದ್ದರಿಂದ ಇನ್ನೂ ಬೆಳ್ಳಗಿತ್ತು. ಪಿನ್ನು ಮಾತ್ರ ಡಬ್ಬದ ತೇವಕ್ಕೆ ತುಕ್ಕು ಹಿಡಿದು, ಕಾಗದದ ಮೇಲೆ ಕಂದು ಕಲೆ ಬಿಟ್ಟಿತ್ತು. ಗಾನವಿ ಉಗುರಿನಿಂದ ಎಬ್ಬಿಸಿ ನೋಡಿದಳು. ಹಲ್ಲಿನಲ್ಲಿ ಕಚ್ಚಿ ನೋಡಿದಳು. ಪಿನ್ನು ಬಾಯಿ ಬಿಡಲಿಲ್ಲ.

ಗೇಟು ಸದ್ದಾಯಿತು. ಭೂತಪ್ಪ ಹೊರಗೇ ನಿಂತಿದ್ದ. ತಲೆಗೂದಲಿನ ಮೇಲೆ ಬೂದಿ ಕೂತಿತ್ತು.

"ಗಾನವಿಯಮ್ಮಾ, ಶ್ರೀಕರಯ್ಯ ಹೊಳೇಲಿ ಮುಳುಗೆದ್ದು ನಡುಗ್ತಾ ಕೂತಾರೆ. ಒಣ ಟವೆಲ್ ತಗಂಡು ಹೋಗೋದೇ ಮರ್ತೀವಿ ನೋಡಿ."

ಗಾನವಿ ಜಗುಲಿಗೆ ಬಂದಳು. ಸಿಕ್ಕಿಸಲು ಬಾರದ ಉಂಗುರವನ್ನು ಎಡಹೆಗಲಿಗೆ ಒತ್ತಿ, ಬಲಗೈ ಹೆಬ್ಬೆರಳಿನಿಂದ ಹಿಡಿದುಕೊಂಡಿದ್ದಳು. ಭೂತಪ್ಪನ ಕಣ್ಣು ಅಭ್ಯಾಸದಂತೆ ಅಲ್ಲಿಗೆ ಹೋಗಿ ಅಲ್ಲೇ ನಿಂತಿತು. ಅವನು ಗೇಟಿನ ಸರಳು ಹಿಡಿದು, ವಾಗ್ದೇವಿಯವರ ಮಾತಿಗೆ ಬದಲಿಸಿ ಕೇಳಿದ.

"ಟವೆಲ್ ಇದ್ದಾ?"

"ಇದ್ದು," ಎಂದಳು ಗಾನವಿ. ಹೆಲ್ಮೆಟ್ಟಿನ ಹೊರಗೆ ಅವಳು ಆ ಮಾತು ಆಡಿದ್ದು ಅದೇ ಮೊದಲು. ಭೂತಪ್ಪ ನಗಲಿಲ್ಲ.

ಅವಳು ಅಂಗಳದ ಹಗ್ಗದ ಹತ್ತಿರ ಹೋದಳು. ಅತ್ತೆ ಆಸ್ಪತ್ರೆಗೆ ಹೋಗುವ ಮುನ್ನಾದಿನ ತಾವೇ ಒಗೆದು ಹರವಿದ ಟವೆಲ್ಲು ಕ್ಲಿಪ್ಪಿನಲ್ಲಿ ಕಚ್ಚಿಕೊಂಡಿತ್ತು. ಅದನ್ನು ತೆಗೆಯಲು ಎರಡು ಕೈ ಬೇಕಿತ್ತು. ಹೆಗಲ ಮೇಲಿನ ಹೆಬ್ಬೆರಳನ್ನು ಬಿಡದೆ, ಎಡಗೈ ಒಂದರಲ್ಲೇ ಅವಳು ಅದನ್ನು ಎಳೆಯತೊಡಗಿದಳು. ಹಗ್ಗವೆಲ್ಲ ತೂಗಿತು.