ವಿಯೆನ್ನಾದ ಹುಲ್ಲಿನ ಮೇಲೆ ನವಲಗುಂದದ ಜಮಖಾನ

ನಾನು ಒಂದು ಜಮಖಾನ. ನವಲಗುಂದದ ಒಂದು ಇಕ್ಕಟ್ಟಿನ ಓಣಿಯಲ್ಲಿ, ಹಸೀನಾಬಿ ಎಂಬಾಕೆಯ ಮನೆಯಲ್ಲಿ ಹುಟ್ಟಿದೆ. ನಿಲುವು ಮಗ್ಗದ ಮುಂದೆ ಕೂತು ಆಕೆ ಒಂದೊಂದು ಹತ್ತಿಯ ಎಳೆ ಹಾಕಿದಾಗಲೂ ಹಣಿಗೆಯಂಥ ಕಬ್ಬಿಣದ ಪಂಜಾದಿಂದ ನನ್ನನ್ನು ಬಡಿಯುತ್ತಿದ್ದಳು. ಏಟು ತಿಂದು ಗಟ್ಟಿಯಾದೆ. ಕೆಂಪು ಮೈ, ನಡುವೆ ಪಗಡೆಯ ಹಾಸು, ಮೂಲೆಗಳಲ್ಲಿ ನವಿಲು.

ನನ್ನನ್ನು ಕೊಂಡವಳು ಧಾರವಾಡದ ವೇಣಕ್ಕ. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ಅಣ್ಣನ ಮನೆಯ ಅಡುಗೆಮನೆಯಲ್ಲಿ ಮುದುಕಿಯಾದವಳು. ಬಸ್ಸಿನಲ್ಲಿ ತಾನೇ ಬಂದು, ಅರ್ಧ ದಿನ ಕೂತು ಆರಿಸಿದಳು.

"ಹಾಸಿದಷ್ಟೂ ಮೆತ್ತಗಾಗ್ತದ ನೋಡ್ರಿ ಅಕ್ಕಾರ," ಎಂದಳು ಹಸೀನಾಬಿ.

"ನಾ ಮೆತ್ತಗಾಗೂದ್ರಾಗ ಅದು ಮೆತ್ತಗಾದ್ರ ಸಾಕು," ಎಂದಳು ವೇಣಕ್ಕ.

ಅಣ್ಣನ ಮನೆಗೆ ಬಂದವರಿಗೆಲ್ಲ ಆಕೆ ನನ್ನನ್ನು ಹಾಸಿದಳು. ಬಂದವರು ಕೂತರು, ತಾಂಬೂಲ ಹಾಕಿದರು, ಹೋದರು. ಆಕೆ ನನ್ನನ್ನು ಕೊಡವಿ ಸುತ್ತಿಟ್ಟಳು. ಆಕೆ ಕೂರುತ್ತಿದ್ದುದು ಅಡುಗೆಮನೆಯ ಹೊಸ್ತಿಲ ಬಳಿ, ಬರಿ ನೆಲದ ಮೇಲೆ. ನನಗದು ವಿಚಿತ್ರವೆನಿಸಿರಲಿಲ್ಲ. ಆಕೆಗೂ ಎನಿಸಿರಲಿಕ್ಕಿಲ್ಲ.

ಹೀಗಿರುವಾಗ ವಿಯೆನ್ನಾದಿಂದ ವೇಣಕ್ಕನ ಅಕ್ಕನ ಮಗಳು ಪ್ರಮೋದಿನಿಯ ಫೋನು ಬಂತು. ಚಿಕ್ಕಮ್ಮನನ್ನು ಅವಳು ಅಬಚಿ ಎಂದು ಕರೆಯುತ್ತಿದ್ದಳು. ಅವಳ ಗಂಡ ಶ್ರೀಪಾದ ಅಲ್ಲಿ ಕಲಿಸುವ ಕೆಲಸದಲ್ಲಿದ್ದ. ಅವಳಿಗೆ ಕೂಸಾಗಿತ್ತು.

"ಅಬಚಿ, ಮೂರು ತಿಂಗಳು ಬಾ. ಕೂಸಿನ್ನ ನೋಡಿದ್ಹಾಂಗೂ ಆಗ್ತದ, ಊರು ತಿರುಗಿದ್ಹಾಂಗೂ ಆಗ್ತದ. ಮನೀ ಎದುರಿಗೇ ಎಷ್ಟು ದೊಡ್ಡ ಪಾರ್ಕ್ ಅದ ಗೊತ್ತೇನು."

ವೇಣಕ್ಕ ಓಣಿಗೆಲ್ಲ ಹೇಳಿಕೊಂಡು ಬಂದಳು, ತಾನು ಪ್ರವಾಸಕ್ಕೆ ಹೊರಟಿದ್ದೇನೆಂದು. ಪಾರ್ಕಿನಲ್ಲಿ ಹಾಸಿಕೊಂಡು ಕೂರಲು ಬೇಕೆಂದು ನನ್ನನ್ನೂ ಸೂಟಕೇಸಿಗೆ ತುಂಬಿದಳು.

ವಿಯೆನ್ನಾದಲ್ಲಿ ಆಕೆ ಕಂಡದ್ದು ಅಡುಗೆಮನೆಯ ಕಿಟಕಿಯಲ್ಲಿ ಹಿಡಿಸಿದಷ್ಟು. ಅದರಲ್ಲಿ ಪಾರ್ಕು ಹಿಡಿಸುತ್ತಿತ್ತು ಎನ್ನುವುದೇ ತೊಂದರೆಯಾಯಿತು. ಕೂಸಿನ ಬಟ್ಟೆ ಹಿಂಡುತ್ತ, ಬೇಳೆ ಕುದಿಸುತ್ತ ಆಕೆ ಅದನ್ನೇ ನೋಡುತ್ತಿದ್ದಳು. "ಪಮ್ಮೀ, ಇವತ್ತ ಒಂದು ತಾಸು ಹೋಗಿ ಕೂತು ಬರೂಣೇನು?" ಎಂದು ದಿನವೂ ಕೇಳುತ್ತಿದ್ದಳು. "ರವಿವಾರ ಹೋಗೂಣು ಅಬಚಿ," ಎನ್ನುತ್ತಿದ್ದಳು ಪ್ರಮೋದಿನಿ.

ರವಿವಾರ ಬಂತು. ಜೊತೆಗೆ ಆ ಊರಿನವರೇ ಏಳು ಜನ ಅತಿಥಿಗಳೂ ಬಂದರು. ಬೆಳಿಗ್ಗೆ ಐದಕ್ಕೆ ಎದ್ದು ವೇಣಕ್ಕ ಚಿತ್ರಾನ್ನ, ಕೋಸಂಬರಿ, ಕೊಬ್ಬರಿ ವಡಿ ಮಾಡಿ ಡಬ್ಬಿ ಕಟ್ಟಿದಳು.

ಆ ಹುಲ್ಲನ್ನು ನಾನು ಮೊದಲು ಮುಟ್ಟಿದ್ದು ಅಂದು. ಸಣ್ಣಗೆ ಕತ್ತರಿಸಿದ, ತಣ್ಣಗಿನ, ಯಾರ ಹೊಲದ್ದೂ ಅಲ್ಲದ ಹುಲ್ಲು. ಬದಿಗೊಂದು ಫಲಕ ನೆಟ್ಟಿದ್ದರು. ಇದು ಮಲಗುವುದಕ್ಕೆ ಬಿಟ್ಟ ಹುಲ್ಲು ಎಂದು ಪ್ರಮೋದಿನಿ ಓದಿ ಹೇಳಿದಳು.

"ಮಲಗ್ಲಿಕ್ಕೂ ಬೋರ್ಡ್ ಹಾಕ್ಯಾರ? ಶ್ಯಾಣ್ಯಾ ಮಂದಿ," ಎಂದು ವೇಣಕ್ಕ ನಕ್ಕಳು.

ಅಲ್ಲಿ ಜನ ಬಿಡುವನ್ನು ಕೆಲಸದಷ್ಟೇ ಶ್ರದ್ಧೆಯಿಂದ ಮಾಡುತ್ತಿದ್ದರು. ಬೂಟು ಬಿಚ್ಚಿ ಜೋಡಿಸಿಡುತ್ತಿದ್ದರು. ಅಂಗಿಯಿಲ್ಲದ ಮುದುಕನೊಬ್ಬ ಬಿಸಿಲಿಗೆ ಬೆನ್ನು ಕೊಟ್ಟು, ಸ್ವಲ್ಪ ಹೊತ್ತಿಗೆ ಹೊಟ್ಟೆ ಕೊಟ್ಟು ಮಲಗಿದ್ದ. ಒಬ್ಬಳು ತೆರೆದ ಪುಸ್ತಕವನ್ನು ಮುಖದ ಮೇಲಿಟ್ಟುಕೊಂಡು ನಿದ್ದೆ ಹೋಗಿದ್ದಳು. ಒಬ್ಬರ ಚಾದರಕ್ಕೂ ಇನ್ನೊಬ್ಬರ ಚಾದರಕ್ಕೂ ನಡುವೆ ಯಾರೂ ಅಳೆಯದೆಯೇ ಒಂದೇ ಅಂತರ. ಯಾರೂ ಯಾರನ್ನೂ ಏಳಿಸುತ್ತಿರಲಿಲ್ಲ. ನನ್ನ ಮೇಲೆ ಮಾತ್ರ ಜನ ಒತ್ತಾಗಿ ಕೂತು, ನವಿಲುಗಳನ್ನು ಬೆರಳಿನಿಂದ ಮುಟ್ಟಿ ಹೊಗಳುತ್ತಿದ್ದರು. ವೇಣಕ್ಕ ನನ್ನ ಅಂಚಿನಾಚೆ ಒದ್ದೆ ಹುಲ್ಲಿನ ಮೇಲೆ ಕುಕ್ಕರಗಾಲಲ್ಲಿ ಕೂತು ಬಡಿಸುತ್ತಿದ್ದಳು.

ಅತಿಥಿಗಳಲ್ಲೊಬ್ಬಳಾದ, ಕೆಳಗಿನ ಮನೆಯ ಮುದುಕಿ ಹೆರ್ಮಿನೆ ಸರಿದು ಜಾಗ ಮಾಡಿ ಆಕೆಯನ್ನು ಕೈಸನ್ನೆಯಿಂದ ಕರೆದಳು. ವೇಣಕ್ಕ ಸೌಟು ಕೆಳಗಿಟ್ಟು ಅರ್ಧ ಎದ್ದಳು. ಅಷ್ಟರಲ್ಲಿ ಪ್ರಮೋದಿನಿ ಆ ಜನರ ಭಾಷೆಯಲ್ಲಿ ಏನೋ ಹೇಳಿದಳು. ಎಲ್ಲರ ಮುಖದಲ್ಲೂ ಗೌರವ ಮೂಡಿತು. ಹೆರ್ಮಿನೆ ಎರಡೂ ಕೈ ಜೋಡಿಸಿದಳು. ಒಬ್ಬಾತ ವೇಣಕ್ಕನ ಫೋಟೋ ತೆಗೆದ.

"ಏನಂದಿ ಅವರಿಗೆ?"

"ನೀ ಮಡೀಲಿ ಇರ್ತಿ, ಹತ್ತೀ ಹಾಸಿನ ಮ್ಯಾಲ ಕೂಡೂದು ನಡ್ಯಾಂಗಿಲ್ಲ, ನಮ್ಮ ಕಡೆ ಹಿರ್ಯಾರ ಪದ್ಧತಿ ಅಂದೆ. ಎಲ್ಲಾರೂ ಕೂತುಬಿಟ್ರ ಬಡಸಾವ್ರು ಯಾರು?"

"ಮಡಿ ಬಿಟ್ಟು ಇಪ್ಪತ್ತು ವರ್ಷ ಆತಲ್ಲ ಪಮ್ಮೀ."

"ಅವರಿಗೇನು ಗೊತ್ತು. ನಕ್ಕೋತ ಸುಮ್ಮನಿರು."

ವೇಣಕ್ಕ ನಗಲಿಲ್ಲ. ಸೌಟು ಕೈಗೆತ್ತಿಕೊಂಡಳು. ಮುಂದಿನ ರವಿವಾರಗಳಲ್ಲಿ ಆಕೆಯನ್ನು ಯಾರೂ ಕರೆಯಲಿಲ್ಲ. ಕರೆಯದಿರುವುದೇ ಮರ್ಯಾದೆ ಎಂದು ಅವರು ಕಲಿತುಬಿಟ್ಟಿದ್ದರು.

ಒಂದು ಶನಿವಾರ ಗಂಡಹೆಂಡಿರು ಕೂಸನ್ನು ಎತ್ತಿಕೊಂಡು ಬೇರೆ ಊರಿನ ಗೆಳೆಯರ ಮನೆಗೆ ಹೋದರು. ವೇಣಕ್ಕ ಪಾತ್ರೆ ತಿಕ್ಕಿಟ್ಟು, ಕೈ ಒರೆಸಿಕೊಂಡು, ನನ್ನನ್ನು ಕಂಕುಳಲ್ಲಿ ಹಿಡಿದು ರಸ್ತೆ ದಾಟಿದಳು. ಫಲಕದ ಹತ್ತಿರವೇ ಹಾಸಿದಳು. ಮೊದಲು ತುದಿಯಲ್ಲಿ ಕೂತಳು, ಯಾರಾದರೂ ಕೂಗಿದರೆ ಏಳುವವಳ ಹಾಗೆ, ಒಂದು ಮೊಣಕಾಲೆತ್ತಿ. ಯಾರೂ ಕೂಗಲಿಲ್ಲ. ಸ್ವಲ್ಪಸ್ವಲ್ಪವೇ ಸರಿಯುತ್ತ ಪಗಡೆಯ ಹಾಸಿನ ನಡುವೆ ಬಂದಳು. ಕಾಲು ಚಾಚಿದಳು. ಆಮೇಲೆ ಸೆರಗನ್ನು ಮುಖದ ಮೇಲೆಳೆದುಕೊಂಡು ಮಲಗಿದಳು.

ಇಷ್ಟು ವರ್ಷ ನನ್ನ ಮೇಲೆ ಎಷ್ಟೋ ಜನ ಕೂತಿದ್ದರು. ನನ್ನನ್ನು ಕೊಂಡವಳ ಭಾರ ನನಗೆ ತಿಳಿದದ್ದು ಅಂದೇ. ಬಹಳ ಭಾರವೇನಿರಲಿಲ್ಲ.

ನಾಯಿಯೊಂದಿಗೆ ತಿರುಗಾಡಲು ಬಂದ ಹೆರ್ಮಿನೆ ನಮ್ಮನ್ನು ಕಂಡು ಗಾಬರಿಯಾಗಿ ನಿಂತಳು. ವೇಣಕ್ಕ ಎದ್ದು ಕೂತು, ಪಕ್ಕದ ಜಾಗವನ್ನು ಕೈಯಿಂದ ತಟ್ಟಿದಳು.

"ಬರ್ರಿ, ಕೂಡ್ರಿ. ಇದು ನಂದ ಅದ. ನಾನ ಹೋಗಿ ಆರಿಸಿ ತಂದದ್ದು."

ಮಾತು ತಿಳಿಯದಿದ್ದರೂ ಹೆರ್ಮಿನೆ ಕೂತಳು. ಬಿಸಿಲು ಇಳಿಯುವವರೆಗೆ ಇಬ್ಬರೂ ಸುಮ್ಮನೆ ಕೂತಿದ್ದರು. ನನ್ನ ಬದುಕಿನಲ್ಲಿ ನನಗೆ ಬೇಕೆನಿಸುವ ಹೊತ್ತು ಅದೊಂದೇ.

ಸೋಮವಾರ ಮೆಟ್ಟಿಲ ಮೇಲೆ ಸಿಕ್ಕ ಪ್ರಮೋದಿನಿಗೆ ಹೆರ್ಮಿನೆ ಸಂತೋಷದಿಂದಲೇ ಹೇಳಿದ್ದಳು, ನಿನ್ನ ಚಿಕ್ಕಮ್ಮನ ಜೊತೆ ಹಾಸಿನ ಮೇಲೆ ಕೂತಿದ್ದೆ ಎಂದು.

"ಒಬ್ಬಾಕೀನ ಹೋಗಿ ಬಯಲಾಗ ಮಲಗಿದ್ದಿಯಂತ," ಎಂದಳು ಪ್ರಮೋದಿನಿ ಒಳಗೆ ಬಂದವಳೇ.

"ಬೋರ್ಡ್ ಹಾಕ್ಯಾರಲ್ಲ. ನೀನ ಓದಿ ಹೇಳಿದ್ದಿ."

"ನಾ ಸುಳ್ಳು ಹೇಳ್ತೀನಿ ಅಂತ ಆತಲ್ಲ ಅಬಚಿ, ಅವರ ಮುಂದ."

"ಹೇಳಿದ್ದು ಖರೇ ಇತ್ತೇನು?"

ಶ್ರೀಪಾದ ಕೂಸನ್ನೆತ್ತಿಕೊಂಡು ಒಳಗೆ ಹೋದ. ಆ ಮನೆಯಲ್ಲಿ ಸಿಟ್ಟು ಮೌನದಲ್ಲೇ ಕೆಲಸ ಮಾಡುತ್ತಿತ್ತು. ಎರಡು ದಿನಕ್ಕೆ ಟಿಕೆಟ್ ಬದಲಾಯಿತು. ಇನ್ನೂ ಒಂದು ತಿಂಗಳಿರುವಾಗಲೇ, ಇಲ್ಲಿಯ ಹವೆ ಅಬಚಿಗೆ ಒಗ್ಗಲಿಲ್ಲ ಎಂದು ಊರಿಗೆ ಫೋನು ಹೋಯಿತು.

ಹೊರಡುವ ದಿನ ವೇಣಕ್ಕ ನನ್ನನ್ನು ಸುತ್ತಿ ಸೂಟಕೇಸಿನಲ್ಲಿಟ್ಟಳು. ಪ್ರಮೋದಿನಿ ಹೊರಗೆ ತೆಗೆದಳು.

"ಭಾರ ಆಗ್ತದ ಅಬಚಿ. ಇಲ್ಲೇ ಇರ್ಲಿ ಬಿಡು."

ವೇಣಕ್ಕ ನನ್ನ ಒಂದು ತುದಿಯನ್ನು ಹಿಡಿದುಕೊಂಡಳು. ಆಮೇಲೆ ಕೈ ಬಿಟ್ಟಳು. "ಮಡಚಿ ಇಡಬ್ಯಾಡ. ಹುಳಾ ಬೀಳ್ತಾವ," ಎಂದಷ್ಟೇ ಹೇಳಿದಳು.

ಪ್ರಮೋದಿನಿ ಮಡಚಿಡಲಿಲ್ಲ. ಮೇಲ್ತುದಿಗೆ ಮೊಳೆ ಹೊಡೆದು ಹಾಲಿನ ಗೋಡೆಗೆ ನೇತುಹಾಕಿದಳು.

ವರ್ಷಗಳಾದವು. ಮೊಳೆಯ ಸುತ್ತ ನನ್ನ ಎಳೆಗಳು ಒಂದೊಂದೇ ಬಿಡುತ್ತಿವೆ. ವೇಣಕ್ಕ ತೀರಿಕೊಂಡ ಸುದ್ದಿಯನ್ನು ಇದೇ ಹಾಲಿನಲ್ಲಿ ಫೋನಿನಲ್ಲಿ ಕೇಳಿದೆ. ಈಗ ಇವರ ಭಾಷೆಯೂ ನನಗೆ ತಿಳಿಯುತ್ತದೆ. ಕೇಳದಿದ್ದರೆ ಚೆನ್ನಾಗಿತ್ತು ಎನಿಸುವ ಮಾತುಗಳೇ ಹೆಚ್ಚು.

ಮೊನ್ನೆ ಕಾಫಿಗೆ ಬಂದ ಹೊಸ ಹೆಂಗಸೊಬ್ಬಳು ನನ್ನನ್ನು ಬಹಳ ಹೊತ್ತು ನೋಡಿ, ಇದು ಹಾಸುವುದಲ್ಲವೇ ಎಂದು ಕೇಳಿದಳು.

"ಅಯ್ಯೋ, ಇಲ್ಲ," ಎಂದಳು ಪ್ರಮೋದಿನಿ, ಅವರ ಭಾಷೆಯಲ್ಲಿ. "ನಮ್ಮಲ್ಲಿ ಇದರ ಮೇಲೆ ಯಾರೂ ಕೂರುವುದಿಲ್ಲ. ಗೋಡೆಗೆ ಹಾಕುವುದೇ ಪದ್ಧತಿ."

ಎದುರಿನ ಕುರ್ಚಿಯಲ್ಲಿ ಹೆರ್ಮಿನೆ ಕೂತಿದ್ದಳು. ತುಂಬ ಮುದುಕಿಯಾಗಿದ್ದಾಳೆ. ತಲೆಯೆತ್ತಿ ನನ್ನನ್ನು ನೋಡಿದಳು, ಆಮೇಲೆ ಪ್ರಮೋದಿನಿಯನ್ನು. ಬಾಯಿ ತೆರೆದಳು ಎಂದುಕೊಂಡೆ. ಆಕೆ ಕಪ್ಪನ್ನು ತುಟಿಗೆ ಹಚ್ಚಿ ಒಂದು ಗುಟುಕು ಕುಡಿದು, ಕಾಫಿ ಚೆನ್ನಾಗಿದೆ ಎಂದಳು.