ಎರಡನೇ ಮಣ್ಣು

"ಏನಮ್ಮಿ ರೇವಿ, ಗುದ್ದಲಿ ಹಿಡ್ದಿದ್ದೀಯೋ ಇಲ್ಲ ಬಾಣಂತಿ ಮಗೀನ ಹಿಡ್ದಿದ್ದೀಯೋ? ಮೊಣಕಾಲುದ್ದ ತೋಡು ಅಂತ ಬಡ್ಕೊತಾ ಇವ್ನಿ, ಗೇಣುದ್ದ ಕೆರ್ಕೊಂಡ್ ಕುಂತವ್ಳೆ ಮುಂಡೆ!"

ಚಂದ್ರಯ್ಯ ಗುಡ್ಡದ ಬಂಡೆಯ ಮೇಲೆ ಛತ್ರಿ ಬಿಡಿಸಿಕೊಂಡು ಕೂತಿದ್ದ. ಕೇರಿಯ ಹನ್ನೊಂದು ಹೆಂಗಸರು ಅವನ ಶುಂಠಿ ಮಡಿಗಳ ನಡುವೆ ಬಸಿಗಾಲುವೆ ತೋಡುತ್ತಿದ್ದರು. ಬುಡದಲ್ಲಿ ನೀರು ನಿಂತರೆ ಶುಂಠಿ ಕೊಳೆಯುತ್ತದೆ. ಬಿದ್ದ ಮಳೆ ಬಿದ್ದ ಹಾಗೇ ಇಳಿದು ಹೋಗಬೇಕು.

ಎರಡು ವರ್ಷದ ಹಿಂದೆ ಇದು ಬಿಕ್ಕೆ, ಕಾರೆ, ತಡಸಲು, ಬಿದಿರುಮೆಳೆ ಹೆಣೆದುಕೊಂಡಿದ್ದ ಕಾಡು. ಎಷ್ಟೇ ಮಳೆ ಬಂದರೂ ತರಗೆಲೆ ಕುಡಿದುಕೊಂಡು, ಯುಗಾದಿಯವರೆಗೂ ಹಳ್ಳಕ್ಕೆ ಜಿನುಗಿಸುತ್ತಿತ್ತು. ಗೋಮಾಳವಾಗಿದ್ದ ಗುಡ್ಡ ಅದು ಹೇಗೋ ಚಂದ್ರಯ್ಯನ ಪಹಣಿಗೆ ಬಂತು. ಮಾರನೇ ವಾರ ಎರಡು ಹಿಟಾಚಿ ಬಂದವು. ಕಿತ್ತ ಬೇರುಗಳ ರಾಶಿ ಹದಿನೈದು ದಿನ ಉರಿಯಿತು.

ರೇವಮ್ಮ ಬೆನ್ನು ನೆಟ್ಟಗೆ ಮಾಡಿ, ಕೆಳಗೆ ಹಳ್ಳದ ದಡದತ್ತ ಹೋಗುವ ಕಾಲುವೆಯ ಕೊನೆಯನ್ನು ನೋಡಿದಳು.

"ಬುದ್ದೀ, ಇದು ನೆಟ್ಟಗೆ ನಮ್ಮ ಮಣ್ಣು ಮಾಡೋ ಜಾಗಕ್ಕೇ ಓಯ್ತದಲ್ಲ. ಚೂರು ಎಡಕ್ಕೆ ತಿರುಗ್ಸಿದ್ರೆ..."

"ಎಡಕ್ಕೆ ನನ್ ತೆಂಗಿನ ತ್ವಾಟ ಐತೆ. ಸತ್ತೋರ್ಗೇನು ಥಂಡಿ ಆಯ್ತದಾ? ತೋಡು."

ರೇವಮ್ಮ ತೋಡಿದಳು. ಅವಳ ಅತ್ತೆ ಸುಬ್ಬಮ್ಮನನ್ನು ಅಲ್ಲಿ ಮಣ್ಣು ಮಾಡಿ ಇನ್ನೂ ಐದು ತಿಂಗಳಾಗಿರಲಿಲ್ಲ.

ಶ್ರಾವಣದಲ್ಲಿ ಒಂದು ಮಧ್ಯಾಹ್ನ ಮಲ್ಲಿಪಟ್ಟಣದ ಕಡೆಯಿಂದ ಮೋಡ ಕವಿಯಿತು. ತಿಂಗಳಿಡೀ ಬಾರದ ಮಳೆ ಮೂರು ತಾಸಿನಲ್ಲಿ ಸುರಿಯಿತು. ಗುಡ್ಡದ ಕೆಂಪು ಮಣ್ಣು ಸಾರಿನಂತೆ ಇಳಿದು ಬರುವುದನ್ನು ರೇವಮ್ಮ ಬಾಗಿಲಲ್ಲಿ ನಿಂತು ನೋಡಿದಳು. ನೀರು ಎಲ್ಲೂ ಹಾದಿ ತಪ್ಪಲಿಲ್ಲ. ಅವಳು ತೋಡಿದ ದಾರಿಯಲ್ಲೇ ಹೋಯಿತು.

ಬೆಳಿಗ್ಗೆ ಗಂಡ ದೇವರಾಜ್ ಓಡಿ ಬಂದ. ರೇವಮ್ಮನ ಕೈ ಹಿಡಿದು ಹಳ್ಳದ ಕಡೆಗೆ ಎಳೆದುಕೊಂಡು ಹೋದ.

ಹೆಣ ಹೂತಿದ್ದ ಐದು ಗುಣಿ ಕಿತ್ತುಹೋಗಿದ್ದವು. ಕೆಸರಿನಲ್ಲಿ ಒಂದು ಹಸಿರು ಸೀರೆಯ ಅಂಚು. ಹೋದ ಗೌರಿ ಹಬ್ಬಕ್ಕೆ ರೇವಮ್ಮನೇ ಅತ್ತೆಗೆ ಕೊಟ್ಟ ಸೀರೆ. ಎರಡು ನಾಯಿಗಳು ಅದನ್ನು ಜಗ್ಗುತ್ತಿದ್ದವು. ದೇವರಾಜ್ ಕಲ್ಲು ಬೀರಿದ. ನಾಯಿಗಳು ಓಡಿಹೋದ ಮೇಲೂ "ಅವ್ವಾ, ಅವ್ವಾ" ಅನ್ನುತ್ತ ಬೀರುತ್ತಲೇ ಇದ್ದ. ಐದು ಹೆಣಗಳನ್ನೂ ಗರಿ ಮುಚ್ಚಿ ದಡದಲ್ಲಿಟ್ಟು, ಸರ್ವೆಯವರು ಬರುವವರೆಗೆ ಕೇರಿಯವರು ಸರದಿಯಲ್ಲಿ ಕಾವಲು ಕಾದರು.

ಮೂರನೇ ದಿನ ಮಳೆ ನಷ್ಟದ ಸರ್ವೆಗೆ ಗ್ರಾಮಲೆಕ್ಕಿಗ ಶಶಿಕಿರಣ್ ಬಂದ. ಚಂದ್ರಯ್ಯನ ಜಗುಲಿಯಲ್ಲಿ ಕಾಫಿ ಕುಡಿಯುತ್ತ, ಕೊಚ್ಚಿಹೋದ ಶುಂಠಿಯ ಫೋಟೋಗಳನ್ನು ಮೊಬೈಲಿಗೆ ಏರಿಸುತ್ತಿದ್ದ. ಕೇರಿಯವರು ಅಂಗಳದಾಚೆ ನಿಂತರು.

"ಮನೆ ಬಿದ್ದಿದ್ಯಾ?"

"ಇಲ್ಲ ಸಾ."

"ದನ, ಕುರಿ?"

"ಇಲ್ಲ ಸಾ. ನಮ್ ಸತ್ತೋರು ಕೊಚ್ಕೊಂಡ್ ಬಂದವ್ರೆ," ಅಂದಳು ರೇವಮ್ಮ.

ಶಶಿಕಿರಣ್ ತಲೆ ಎತ್ತಿದ. "ಸತ್ತೋರು ಇನ್ನೊಂದ್ಸಲ ಸಾಯೋಕಾಗಲ್ಲಮ್ಮ. ಗುಣಿಗೆಲ್ಲ ಇದ್ರಲ್ಲಿ ಕಾಲಂ ಇಲ್ಲ. ಹವಾಮಾನ ಬದಲಾವಣೆ ಇದು, ಪ್ರಪಂಚಾನೇ ಅನುಭವಿಸ್ತಿದೆ. ಯಾರನ್ನ ಬಯ್ಯೋದು?"

"ಊ ಮತ್ತೆ," ಚಂದ್ರಯ್ಯ ಹಲ್ಲು ಕಡ್ಡಿ ಆಡಿಸುತ್ತ ಹೇಳಿದ. "ಅಮೆರಿಕದೋರು ಹೊಗೆ ಬಿಟ್ರೆ ಇಲ್ಲಿ ಮಳೆ ಕೆಡ್ತದಂತೆ. ಟಿವೀಲಿ ತೋರ್ಸಿದ್ರು."

"ಅಮೆರಿಕದೋರು ಬಂದು ಕಾಲ್ವೆ ತೋಡಿದ್ರಾ?" ರೇವಮ್ಮನ ದನಿ ಅವಳಿಗೇ ಗುರುತು ಸಿಗದಂತೆ ಏರಿತ್ತು. "ತೋಡ್ದೋಳು ನಾನು. ನೀವು ತೋಡ್ಸಿದ್ರಿ. ಬರ್ಕೊಳ್ಳಿ ಸಾ, ಅದುನ್ನ ಬರ್ಕೊಳ್ಳಿ."

"ಲೇ ದ್ಯಾವ, ನಿನ್ನೆಂಡ್ರುನ ಬಾಯಿ ಮುಚ್ಚುಸ್ಲಾ!" ಚಂದ್ರಯ್ಯ ಎದ್ದ. "ಸೂಳೆಮಕ್ಳಾ, ಹೆಣ ತೋರ್ಸಿ ಕಾಸು ಕೀಳಾಕ್ ಬಂದಿದ್ದೀರಾ? ಮುಚ್ಕೊಂಡು ನಾಳಿಕ್ ಗುಡ್ಡುಕ್ ಬನ್ನಿ. ಕಾಲ್ವೇಲಿ ಹೂಳು ತುಂಬ್ಕೊಂಡೈತೆ, ಎತ್ತಾಕ್ಬೇಕು."

ಎಲ್ಲರೂ ಕೇರಿಗೆ ವಾಪಸು ಬಂದರು. ಒಲೆಯ ಮುಂದೆ ರೇವಮ್ಮ ಕೂತಳು, ಎದ್ದಳು, ಮತ್ತೆ ಕೂತಳು.

"ಅಳ್ಳದ್ ದಡದಲ್ಲೇ ಇನ್ನೊಂದ್ ಗುಣಿ ತೆಗ್ದು ಮುಚ್ಚಾನ," ಅಂದ ದೇವರಾಜ್.

"ಮುಂದಿನ್ ಮಳೇಗೆ?"

ದೇವರಾಜ್ ಒಲೆಗೆ ಸೌದೆ ತಳ್ಳಿದ.

"ಗುಡ್ಡುಕ್ಕೇ ತಕ್ಕೊಂಡೋಗಾನ," ಅಂದಳು ರೇವಮ್ಮ. "ಮ್ಯಾಲಿಂದ ಯಾವ ನೀರ್ ಬಂದಾತು?"

"ಕೇಸಾಕ್ತಾರೆ ಕಣಮ್ಮಿ. ಒಳಿಕ್ಕಾಕ್ತಾರೆ."

"ಆಕ್ಲಿ. ಅವ್ವನ ನಾಯಿ ತಿನ್ನಾದುನ್ನ ನೋಡ್ಕೊಂಡ್ ಕುಂತ್ಕೊಳ್ಳಾದ್ಕಿಂತ ಅದೇ ವಾಸಿ."

ಬೆಳಿಗ್ಗೆ ಹನ್ನೊಂದು ಹೆಂಗಸರೂ ಗುದ್ದಲಿ, ಮಂಕರಿ ತಗೊಂಡು ಕೆಲಸಕ್ಕೆ ಹೊರಟಂತೆಯೇ ಗುಡ್ಡ ಹತ್ತಿದರು. ಒಂದು ಮಂಕರಿಯನ್ನು ಮಾತ್ರ ದೇವರಾಜ್ ತಲೆಯ ಮೇಲೆ ಹೊತ್ತಿದ್ದ. ಅದಕ್ಕೆ ಬಿಳಿ ಬಟ್ಟೆ ಮುಚ್ಚಿತ್ತು. ಎಲ್ಲಕ್ಕಿಂತ ಮೇಲಿನ ಮಡಿಯಲ್ಲಿ ರೇವಮ್ಮ ಮೊದಲ ಏಟು ಹಾಕಿದಳು. ಶುಂಠಿ ಗಿಡ ಬೇರು ಸಮೇತ ಮಗುಚಿತು. ಪಕ್ಕದವಳು ಎರಡನೇ ಏಟು ಹಾಕಿದಳು.

ಚಂದ್ರಯ್ಯ ತೋಟದ ಲೆಕ್ಕ ಬರೆಯುವ ರೈಟರನ್ನು ಹಿಂದೆ ಕೂರಿಸಿಕೊಂಡು ಬೈಕಿನಲ್ಲಿ ಬಂದಾಗ ಆಳೆತ್ತರದ ಗುಣಿ ತಯಾರಾಗಿತ್ತು.

"ಕಾಲ್ವೆ ಬುಟ್ಟು ಮಡಿ ಒಳ್ಗೇನ್ರೇ ಅಗಿತಿದ್ದೀರಿ? ಬೆಳೆದಿರೋ ಶುಂಠಿ ಕಣ್ರೇ, ಬೋಸುಡಿಗಳಾ..."

ಹತ್ತಿರ ಬಂದು ಇಣುಕಿದ. ಗುಣಿಯ ತಳದಲ್ಲಿ ಬಿಳಿ ಬಟ್ಟೆ, ಅದರಡಿ ಹಸಿರು ಅಂಚು. ಟವಲನ್ನು ಮೂಗಿಗೆ ಒತ್ತಿಕೊಂಡು ನಾಲ್ಕು ಹೆಜ್ಜೆ ಹಿಂದೆ ಹಾರಿದ.

"ಎತ್ರೇ ಅದುನ್ನ! ಮೊದ್ಲು ಎತ್ತಿ ಆಚಿಕ್ ಎಸೀರಿ!"

ರೇವಮ್ಮ ಗುದ್ದಲಿಯನ್ನು ಮಣ್ಣಿನ ಗುಡ್ಡೆಗೆ ಒರಗಿಸಿದಳು.

"ನೀನೇ ಎತ್ತಪ್ಪಾ ಚಂದ್ರಯ್ಯ. ಮುಟ್ಟೋರಿದ್ರೆ ಕರ್ಸಿ ಎತ್ತುಸು."

ಚಂದ್ರಯ್ಯ ರೈಟರ ಕಡೆ ತಿರುಗಿದ. ರೈಟರು ಆಗಲೇ ಬೈಕಿನ ಹತ್ತಿರ ಹೋಗಿ ನಿಂತಿದ್ದ. ಚಂದ್ರಯ್ಯ ಜೇಬಿನಿಂದ ಮೊಬೈಲು ತೆಗೆದು ಪೊಲೀಸ್ ಸ್ಟೇಷನ್ನಿಗೆ ಹಚ್ಚಿದ. ಗುಡ್ಡದ ಮೇಲೆ ಲೈನು ಸಿಗಲಿಲ್ಲ.

ದೇವರಾಜ್ ಬೊಗಸೆಯಲ್ಲಿ ಮೂರು ಸಲ ಮಣ್ಣು ಹಾಕಿದ. ಆಮೇಲೆ ಹೆಂಗಸರು ಗುದ್ದಲಿಯಿಂದ ಎಳೆದು ತುಂಬಿಸಿ, ಬರಿಗಾಲಲ್ಲಿ ತುಳಿದರು.

ರೇವಮ್ಮ ಖಾಲಿ ಮಂಕರಿ ಎತ್ತಿಕೊಂಡಳು.

"ಇನ್ನೂ ನಾಕ್ ಜನ ಅವ್ರೆ. ಬಿರ್ರನೆ ಬನ್ರಮ್ಮಿ, ಪಡುವಕ್ಕೆ ಮತ್ತೆ ಮೋಡ ಕಟ್ತಾ ಐತೆ."

ಆರು ಹೆಂಗಸರು ಅವಳ ಹಿಂದೆ ಹಳ್ಳದ ಕಡೆಗೆ ಇಳಿದರು. ಉಳಿದವರು ಪಕ್ಕದ ಮಡಿಗೆ ಹೋಗಿ ಗುದ್ದಲಿ ಎತ್ತಿದರು.