ಓರೆಯಾಗದ ತಟ್ಟೆ

"ಇನ್ನೊಂದ್ ಬಿಂದ್ಗೆ ಉಯ್ಯಿ ಪುಟ್ರಾಜು, ತಲೆ ನೆಂದಿಲ್ಲ," ಎಂದ ಸಿದ್ದರಾಜು.

ಪುಟ್ಟರಾಜು ಬಗ್ಗಿ ಸುರಿದ. ಹಲಗೆಗೆ ಒರಗಿಸಿ ಕೂರಿಸಿದ್ದ ತಮ್ಮಯ್ಯನ ಹೆಣದ ಹೆಗಲಿನಿಂದ ನೀರು ಇಳಿದು, ಅಂಗಳದ ಚಪ್ಪಡಿ ದಾಟಿ, ಚಿನಕುರಳಿಯ ಬೀದಿಗೆ ಹರಿಯಿತು. ಸಿದ್ದರಾಜು ಸತ್ತವನ ಒಡಹುಟ್ಟಿದ ತಮ್ಮ. ಅಣ್ಣನ ಕೈಗೆ ಸೀಗೆಪುಡಿ ಹಚ್ಚಿ ಪಾತ್ರೆ ಉಜ್ಜುವವನ ಹಾಗೆ ಉಜ್ಜುತ್ತಿದ್ದ.

"ಏನಪ್ಪ ಇದು, ಎಷ್ಟ್ ತಿಕ್ಕುದ್ರೂವೆ ಎಬ್ಬೆಟ್ಟಿನ ಕರಿ ಓಗಾಕಿಲ್ಲ ಅಂತದೆ!"

"ಬುಡಣ್ಣ, ಅದು ಓಗಾಕಿಲ್ಲ. ಮೂವತ್ ವರ್ಸ ಬಂದೂಕ್ ಸ್ಪ್ರಿಂಗ್ ಅದುಮಿದ್ ಬೆಟ್ಟು ಅದು."

ಅಷ್ಟು ಹೇಳಿ ಪುಟ್ಟರಾಜು ಮುಖ ಆಚೆ ತಿರುಗಿಸಿದ. ದುಃಖಕ್ಕೆ ಎಂದು ಸಿದ್ದರಾಜು ತಿಳಿದ. ಅರ್ಧ ಅದೂ ನಿಜ. ಉಳಿದರ್ಧ ನಾಚಿಕೆ. ಇಪ್ಪತ್ತಾರು ವರ್ಷದಿಂದ ಎದೆಯೊಳಗೆ ಇಟ್ಟುಕೊಂಡಿದ್ದ ಒಂದು ಮಾತನ್ನು ತಮ್ಮಯ್ಯನಿಗೆ ಹೇಳಿಬಿಡಬೇಕೆಂದು ಅವನು ತನ್ನೂರು ಶ್ರೀರಂಗಪಟ್ಟಣದಲ್ಲಿ ಎಷ್ಟು ಸಲ ಬಸ್ಸು ಹತ್ತಿದ್ದನೋ ಲೆಕ್ಕವಿಲ್ಲ. ಪ್ರತಿ ಸಲವೂ ಬಂದು, ಕಾಫಿ ಕುಡಿದು, ಮಳೆ ಬೆಳೆ ಮಾತಾಡಿ, ಬಂದ ದಾರಿಗೆ ಸುಂಕವಿಲ್ಲವೆಂಬಂತೆ ವಾಪಸ್ಸಾಗುತ್ತಿದ್ದ. ಈಗ ಕೇಳಬೇಕಾದವನೇ ಇಲ್ಲ. ಹೆಣ ಎತ್ತುವ ಮುಂಚೆ ಅವನ ಹೆಂಡತಿ ದ್ಯಾವಮ್ಮನಿಗಾದರೂ ಹೇಳಬೇಕು. ಹೇಳದೆ ಬಾಯಕ್ಕಿ ಹಾಕುವ ಧೈರ್ಯ ಅವನಿಗಿರಲಿಲ್ಲ. ಸತ್ತವರ ಬಾಯಿಗೆ ನಾಲ್ಕು ಕಾಳು ಅಕ್ಕಿ ಹಾಕುವವರ ಮನಸ್ಸಿನಲ್ಲಿ ಕಳವಿರಬಾರದು ಎಂದು ಅವನ ಅವ್ವ ಹೇಳುತ್ತಿದ್ದಳು. ಇವನ ಮನಸ್ಸಿನಲ್ಲಿ ಇದ್ದದ್ದೆಲ್ಲ ಕಳವೇ.

*

ಇಪ್ಪತ್ತಾರು ವರ್ಷದ ಹಿಂದೆ ಇಬ್ಬರೂ ಪೊಲೀಸರ ಬಂದೂಕು ರಿಪೇರಿ ಮಾಡುವ ಶೆಡ್ಡಿನಲ್ಲಿದ್ದರು. ತಮ್ಮಯ್ಯ ಹಿರಿಯ, ಮೂರು ಮಕ್ಕಳ ತಂದೆ. ಪುಟ್ಟರಾಜುವಿಗೆ ಮೂವತ್ತೈದಾದರೂ ಆಗಿನ್ನೂ ಮದುವೆಯಿಲ್ಲ. ಕೈಬರಹ ಮಾತ್ರ ಮುತ್ತು ಪೋಣಿಸಿದಂತೆ.

ಹಳೆಯ ಕಾರ್ಬೈನು ಬಂದೂಕುಗಳದ್ದೊಂದು ಕಾಯಿಲೆ. ಮೂರು ಗುಂಡು ಹಾರಿದರೆ ನಾಲ್ಕನೆಯದು ಸಿಕ್ಕಿಕೊಳ್ಳುತ್ತಿತ್ತು. ಎಲ್ಲರೂ ಗುಂಡು ತುಂಬುವ ಡಬ್ಬಿಯ, ಅಂದರೆ ಮ್ಯಾಗಜಿನ್ನಿನ, ಸ್ಪ್ರಿಂಗನ್ನು ಬೈದರು. ತಮ್ಮಯ್ಯ ಬೈಯಲಿಲ್ಲ. ಮ್ಯಾಗಜಿನ್ನಿನ ಬಾಯಿಗೆ ಕಣ್ಣಿಟ್ಟು ಒಂದು ವಾರ ಕೂತ.

"ಸ್ಪ್ರಿಂಗ್ ಏನ್ ಮಾಡಾತು ಪಾಪ! ಗುಂಡ್‌ಗಳ್ನ ಮೇಲಕ್ಕೆ ತಳ್ಳೋ ತಟ್ಟೆ ಐತಲ್ಲ, ಅದೇ ಓರೆ ಆಯ್ತದೆ ಕಣ್ಲಾ. ತಟ್ಟೆ ಮೂತಿ ಬಗ್ಗುಸುದ್ರೆ ಗುಂಡೂ ಬಗ್ಗುಸ್ತದೆ."

ಒಂದು ಭಾನುವಾರ ಊರಿನಲ್ಲಿ ತನ್ನ ತಾಯಿ ಶ್ಯಾವಿಗೆ ಒತ್ತುವುದನ್ನು ತಮ್ಮಯ್ಯ ನೋಡುತ್ತ ಕೂತಿದ್ದ. ಹಿಟ್ಟನ್ನು ಅದುಮಲು ಒರಳೊಳಗೆ ಇಳಿಯುವ ಮರ ಒಂದು ಚೂರೂ ವಾಲುವುದಿಲ್ಲ. ಯಾಕೆಂದರೆ ಅದು ತಟ್ಟೆಯ ಹಾಗೆ ತೆಳ್ಳಗಿಲ್ಲ, ಉದ್ದಕ್ಕಿದೆ. ಸುತ್ತಲೂ ಒರಳಿನ ಗೋಡೆಯೇ ಅದನ್ನು ಹಿಡಿದುಕೊಂಡಿರುತ್ತದೆ. ಸೋಮವಾರ ತಮ್ಮಯ್ಯ ತಟ್ಟೆಗೆ ಮುಂದೊಂದು ಹಿಂದೊಂದು ಕಾಲು ಇಳಿಬಿಟ್ಟು ಹೊಸದೊಂದನ್ನು ಮಾಡಿದ. ಇನ್ನೂರು ಗುಂಡು ಹಾರಿಸಿದರು. ಒಂದೂ ಸಿಕ್ಕಿಕೊಳ್ಳಲಿಲ್ಲ.

"ಸಾಯೇಬ್ರಿಗೆ ಬರ್ದು ಕೊಡು. ನಿನ್ ಎಸ್ರೇ ಆಕ್ಬುಡು. ನಂದು ಕಾಗೆ ಕಾಲು ಅಕ್ಸರ," ಎಂದ ತಮ್ಮಯ್ಯ.

ಪುಟ್ಟರಾಜು ಬೇಡವೆಂದ. ಎರಡನೆಯ ಹೋಳಿಗೆಯನ್ನು ಬೇಡವೆನ್ನುತ್ತೇವಲ್ಲ, ಅಷ್ಟೇ ಬಲವಾಗಿ. ಆಮೇಲೆ ಬರೆದ.

ತಿಂಗಳಾದ ಮೇಲೆ ಮೈದಾನದಲ್ಲಿ ಎಲ್ಲರ ಮುಂದೆ ಸಾಹೇಬರು ಅವನ ಎದೆಗೆ ಮೆಡಲು ಚುಚ್ಚಿ, "ಇದು ಹೇಗಯ್ಯ ಹೊಳೀತು ನಿಂಗೆ?" ಎಂದು ಕೇಳಿದರು. ತಮ್ಮಯ್ಯ ಎರಡನೆಯ ಸಾಲಿನಲ್ಲಿ ನಿಂತಿದ್ದ. ನಿಜ ಹೇಳಲು ಅದಕ್ಕಿಂತ ಒಳ್ಳೆಯ ಗಳಿಗೆ ಸಿಕ್ಕುತ್ತಿರಲಿಲ್ಲ. ಪುಟ್ಟರಾಜುವಿನ ನಾಲಿಗೆ ಹೇಳಿದ್ದು, "ನಮ್ಮವ್ವ ಶ್ಯಾವ್ಗೆ ಒತ್ತೋವಾಗ, ಸಾರ್."

ತಟ್ಟೆಯನ್ನಷ್ಟೇ ಅಲ್ಲ, ಪರರ ತಾಯಿಯ ಒರಳನ್ನೂ ಕದ್ದ ಹಾಗಾಯಿತು. ಚಪ್ಪಾಳೆ ಎಲ್ಲರಿಗಿಂತ ಜೋರಾಗಿ ತಟ್ಟಿದವನು ತಮ್ಮಯ್ಯ. ಪುಟ್ಟರಾಜುವಿಗೆ ಬಡ್ತಿ ಬಂತು. ತಮ್ಮಯ್ಯ ಇದ್ದಲ್ಲೇ ಇದ್ದು ನಿವೃತ್ತನಾದ. ಆದರೂ ಪ್ರತಿ ವರ್ಷ ಸಂಕ್ರಾಂತಿಯ ಹೊತ್ತಿಗೆ ಒಂದು ಮೂಟೆ ಸೊಗಡು ಅವರೆಕಾಯಿ ಹೊತ್ತು ಶ್ರೀರಂಗಪಟ್ಟಣದಲ್ಲಿ ಬಸ್ಸಿಳಿಯುತ್ತಿದ್ದ. ಮನೆಯವರೆಲ್ಲ ಚಪ್ಪರಿಸಿ ತಿಂದ ಆ ಅವರೆಕಾಳು ಪುಟ್ಟರಾಜುವಿನ ಗಂಟಲಲ್ಲಿ ಮಾತ್ರ ಇಳಿಯುತ್ತಿರಲಿಲ್ಲ. ಚುಚ್ಚುವುದಕ್ಕೇ ತಂದುಕೊಡುತ್ತಾನೆ ಎಂದು ಅವನಿಗೆ ಅನ್ನಿಸುತ್ತಿತ್ತು.

*

ಮೈ ಒರೆಸಿ, ಹೊಸ ಪಂಚೆ ಉಡಿಸಿ, ತಮ್ಮಯ್ಯನನ್ನು ಚಪ್ಪರದಡಿ ಮಲಗಿಸಿದರು. ದ್ಯಾವಮ್ಮ ಗಂಡನ ತಲೆಯ ಬಳಿ ಕೂತಿದ್ದಳು. ಹೆಂಗಸರು ಅತ್ತು ಸುಸ್ತಾಗಿ ನೀರು ಕುಡಿಯಲು ಎದ್ದ ಸಮಯ ನೋಡಿ ಪುಟ್ಟರಾಜು ಅವಳ ಪಕ್ಕ ಕುಕ್ಕರಗಾಲಲ್ಲಿ ಕೂತ.

"ಅತ್ಗೆ, ನಾನೊಂದ್ ತೆಪ್ ಮಾಡಿವ್ನಿ. ಆ ಮ್ಯಾಗಜಿನ್ ತಟ್ಟೆ ನಂದಲ್ಲ. ಅಣ್ಣಂದು."

"ಗೊತ್ತು ಕಣಪ್ಪ. ನಮ್ಮತ್ತೆ ಒರಳಿಂದು. ಇವ್ರು ಒರಳ್ ಮರನ ಚೀಲ್ದಲ್ಲಿ ಆಕ್ಕಂಡು ಡ್ಯೂಟಿಗೋದ್ರು. ನಮ್ಮತ್ತೆ ಒಂದ್ವಾರ ಬೈದ್ರು."

"ಅದಲ್ಲ ಅತ್ಗೆ. ಎಸ್ರು ನಂದಾಯ್ತು, ಮೆಡ್ಲು ನಂಗಾಯ್ತು. ಬಾಯ್ಬುಟ್ಟು ಏಳ್ನಿಲ್ಲ. ಅಣ್ಣನ್ ಪಾಲ್ನ ನಾನ್ ತಿಂದ್ಬುಟ್ಟೆ."

ದ್ಯಾವಮ್ಮ ಅವನ ಮುಖವನ್ನೇ ನೋಡಿದಳು. ಅತ್ತು ಊದಿದ್ದ ಕಣ್ಣುಗಳು ಅಗಲವಾದವು.

"ಅಯ್ ನಿನ್ನ! ನಿನ್ ಎಸ್ರು ಯಾಕ್ ಆಕುಸುದ್ರು ಅಂತ ಗೊತ್ತಾ? ಸರ್ಕಾರಿ ಬಂದೂಕ್ನ ಅಪ್ಣೆ ಇಲ್ದೆ ಬದ್ಲಾಯ್ಸುದ್ರೆ ಕೆಲ್ಸ ಓಯ್ತದೆ ಅಂತ ಎದ್ರುಕಂಡ್ರು. 'ನಂಗ್ ಮೂರ್ ಮಕ್ಳವ್ರೆ, ಅವ್ನೊಬ್ಬಂಟಿ, ಓದ್ರೆ ಅವ್ನ್ ಕೆಲ್ಸ ಓಗ್ಲಿ' ಅಂತ ನಿನ್ ತಲೆಗ್ ಕಟ್ಟುದ್ರು."

"ಅಣ್ಣನಾ?"

"ಇನ್ಯಾರು? ಆಮ್ಯಾಕೆ 'ಪುಟ್ರಾಜುನ ಕೊಳ್ಳೀಗ್ ಕೊಡಾಕ್ ಓಗಿದ್ನಲ್ಲೇ' ಅಂತ ದಿನಾ ಒಂದೇ ರಾಗ. ಮೆಡ್ಲು ಬಂದಿದ್ಕೆ ಜೀವ ಬಂತು. ಆ ಅವರೆಕಾಯ್ ಮೂಟೆ ಏನ್ ಅಂದ್ಕಂಡಿದ್ದೆ? ದಂಡ ಕಣಪ್ಪ, ದಂಡ! ನಿಮ್ಮನೇಗ್ ಓಗಿ ತೆಪ್ಪಾಯ್ತು ಅಂತ ಏಳ್ಬುಡ್ತೀನಿ ಅಂತ ಓಗೋರು, ಕಾಫಿ ಕುಡ್ದು ವಾಪಸ್ ಬರೋರು."

ಪುಟ್ಟರಾಜುವಿಗೆ ಮೊದಲು ಸಿಟ್ಟು ಬಂತು. ಎಂಥ ಸಿಟ್ಟು! ಕೆಲಸ ಹೋಗಿದ್ದರೆ ಏನು ಗತಿ? ಆದರೆ ಆ ಸಿಟ್ಟು ಕಾಲೂರುವ ಮೊದಲೇ ಅವನ ಎದೆಯ ಮೇಲಿದ್ದ ಇಪ್ಪತ್ತಾರು ವರ್ಷದ ಚಪ್ಪಡಿಯೂ ಜಾರಿತು. ಉಸಿರು ಹೊಟ್ಟೆಯವರೆಗೂ ಹೋಯಿತು. ಇಬ್ಬರು ಗಂಡಸರು, ಒಂದೇ ಕಾಗದ, ಇಬ್ಬರಿಗೂ ನಿದ್ದೆಯಿಲ್ಲ. ಒಂದು ಲೋಟ ಕಾಫಿ ಆರುವಷ್ಟು ಹೊತ್ತಿನಲ್ಲಿ ಮುಗಿಯುವ ಮಾತಿಗೆ ಒಂದು ಆಯುಸ್ಸು ಸವೆಸಿದ್ದರು.

"ಬಾಯಕ್ಕಿ ಆಕೋರು ಬನ್ರಪ್ಪ, ಒತ್ತಾಯ್ತು!" ಎಂದು ಸಿದ್ದರಾಜು ಕೂಗಿದ. ಬೀದಿಯಲ್ಲಿ ತಮಟೆ ಶುರುವಾಯಿತು.

ಪುಟ್ಟರಾಜು ಮೊರದಿಂದ ಅಕ್ಕಿ ತೆಗೆದುಕೊಂಡು ತಮ್ಮಯ್ಯನ ಮುಖದ ಮೇಲೆ ಬಗ್ಗಿದ. ಬದುಕಿದ್ದಷ್ಟು ದಿನ ಅಣ್ಣ ಎಂದೇ ಕರೆದಿದ್ದವನ ಬಾಯಿಂದ ಈಗ ಬಂದದ್ದು ಬೇರೆ. "ಕಳ್‌ನನ್ಮಗ್ನೆ, ಒಂದ್ಮಾತ್ ಏಳಕ್ಕಾಗ್ಲಿಲ್ವೇನ್ಲಾ ನಿಂಗೆ?" ಎಂದು ಅಕ್ಕಿ ಬಿಟ್ಟ. ಅಷ್ಟರಲ್ಲಿ ನಗು ಬಂದುಬಿಟ್ಟಿತು. ತುಟಿ ಕಚ್ಚಿದರೂ ನಿಲ್ಲಲಿಲ್ಲ. ಅವನ ಹೆಗಲು ಕುಣಿಯುವುದನ್ನು ನೋಡಿ ದ್ಯಾವಮ್ಮನೂ ಸೆರಗನ್ನು ಬಾಯಿಗೆ ತುರುಕಿಕೊಂಡಳು. ಸೆರಗಿನ ಸಂದಿಯಿಂದ ಅವಳ ನಗುವೂ ಆಚೆ ಬಂತು.

ಹೆಣದ ಎರಡು ಬದಿಗೆ ಇಬ್ಬರೂ ಕಣ್ಣಲ್ಲಿ ನೀರಿಳಿಸಿಕೊಂಡು ನಗುತ್ತಿದ್ದರು. ತಮಟೆಯವರು ಕೋಲನ್ನು ಎತ್ತಿದಲ್ಲೇ ಹಿಡಿದು, ಹೊಡೆಯುವುದೋ ಬಿಡುವುದೋ ತಿಳಿಯದೆ ಸಿದ್ದರಾಜುವಿನ ಮುಖ ನೋಡಿದರು.